‘ಓದಿಕೊಳ್ಳಬೇಕಿತ್ತು’ ಎನ್ನುವ ಮಹಾಶಯರಿಗೆ

ಪ್ರತಿ ಮಳೆಗಾಲದಲ್ಲೂ ಬೆಂಗಳೂರಿನಲ್ಲಿ ನೀರಿನ ಜೊತೆಗೆ ಒಂದು ಉಪದೇಶವೂ ಹರಿಯುತ್ತದೆ. ಕಾರು ಮುಳುಗಿತು, ಕ್ಲೇಮು ತಿರಸ್ಕೃತವಾಯಿತು, ಮಾಲೀಕ ತಲೆಯ ಮೇಲೆ ಕೈ ಹೊತ್ತು ಕುಳಿತ ಎಂಬ ಸುದ್ದಿ ಬರುವುದೇ ತಡ, ‘ಪಾಲಿಸಿ ಓದಿಕೊಳ್ಳಬೇಕಿತ್ತು’ ಎಂಬ ಮಾತು ಹೊರಡುತ್ತದೆ. ಟಿವಿಯ ಹಣಕಾಸು ಪಂಡಿತರು ಹೇಳುತ್ತಾರೆ, ಕಂಪನಿಯವರು ವಿನಯದಿಂದ ಹೇಳುತ್ತಾರೆ, ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ತಮ್ಮ ಪಾಲಿಸಿಯನ್ನು ಒಮ್ಮೆಯೂ ತೆರೆದು ನೋಡದವರೂ ಹೇಳುತ್ತಾರೆ. ಕೇಳಿದವರೆಲ್ಲ ಹೌದೆಂದು ತಲೆಯಾಡಿಸುತ್ತಾರೆ. ದುಡ್ಡು ಕಳೆದುಕೊಂಡವನೂ ತಲೆಯಾಡಿಸುತ್ತಾನೆ. ತಪ್ಪು ತನ್ನದೇ ಎಂದು ಅವನನ್ನು ನಂಬಿಸಿಬಿಟ್ಟರೆ ಮುಂದೆ ಯಾರೂ ಯಾರಿಗೂ ಉತ್ತರ ಕೊಡಬೇಕಾಗಿಲ್ಲ.

ಇಷ್ಟು ಸಲೀಸಾಗಿ ಒಪ್ಪಿಗೆ ಪಡೆದ ಮಾತಿನ ಮೇಲೆ ನನಗೆ ಅನುಮಾನ ಜಾಸ್ತಿ. ಓದಿಕೊಳ್ಳಬೇಕಿತ್ತು, ಸರಿ. ಓದುವುದಕ್ಕೆ ಕೊಟ್ಟದ್ದಾದರೂ ಏನು?

ನಮ್ಮ ನಿಮ್ಮಂಥವರ ಕೈಗೆ ಬರುವುದು ಫೋನಿಗೆ ಬಂದು ಬೀಳುವ ಎರಡು ಮೂರು ಪುಟದ ಪಿಡಿಎಫ್. ಅದು ಪಾಲಿಸಿಯಲ್ಲ, ಪಾಲಿಸಿಯ ಷೆಡ್ಯೂಲ್. ಮೇಲೆ ಹೆಸರು, ಗಾಡಿ ನಂಬರು, ಎಂಜಿನ್ ನಂಬರು, ಚಾಸಿ ನಂಬರು. ನಡುವೆ ಪ್ರೀಮಿಯಂ ಲೆಕ್ಕ, 18% ಜಿಎಸ್‌ಟಿ. ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಪೂರ್ಣ ನಿಯಮಗಳಿಗೆ ನಮ್ಮ ವೆಬ್‌ಸೈಟ್ ನೋಡಿ ಎಂಬ ಸೂಚನೆ. ಯಾವುದು ಸಿಗುತ್ತದೆ ಎನ್ನುವುದು ಷೆಡ್ಯೂಲಿನಲ್ಲಿದೆ. ಯಾವುದು ಸಿಗುವುದಿಲ್ಲ ಎನ್ನುವುದು ವೆಬ್‌ಸೈಟಿನ ಯಾವುದೋ ಮೂಲೆಯಲ್ಲಿ, ಹತ್ತಾರು ಪುಟಗಳ ಇನ್ನೊಂದು ಪಿಡಿಎಫ್‌ನಲ್ಲಿದೆ. ದುಡ್ಡು ವಸೂಲಿಗೆ ಬೇಕಾದ ಕಾಗದವನ್ನು ಮನೆಗೆ ಕಳಿಸಿ, ದುಡ್ಡು ತಪ್ಪಿಸುವ ಕಾಗದವನ್ನು ತಮ್ಮಲ್ಲೇ ಇಟ್ಟುಕೊಂಡವರು ನಮಗೆ ಓದಿನ ಮಹತ್ವ ಬೋಧಿಸುತ್ತಿದ್ದಾರೆ.

ಆ ಷೆಡ್ಯೂಲಿನಲ್ಲೇ ಒಂದು ಸಾಲನ್ನು ಹುಡುಕಿ ನೋಡಿ. ‘ಐಎಂಟಿ 7, 22, 28ಕ್ಕೆ ಒಳಪಟ್ಟಿದೆ’ ಎಂಬ ಅರ್ಥದ ಇಂಗ್ಲಿಷ್ ಸಾಲು. ಬರೀ ನಂಬರು, ವಿವರಣೆ ಇಲ್ಲ. ಇವು 2002ರ ಇಂಡಿಯಾ ಮೋಟಾರ್ ಟ್ಯಾರಿಫ್ ಎಂಬ ದರಪುಸ್ತಕದಿಂದ ಬಂದ ಕಲಮುಗಳು. ಸ್ವಂತ ಗಾಡಿಯ ಹಾನಿಯ ವಿಮೆಗೆ ಆ ಪುಸ್ತಕದ ದರ 2007ರ ಜನವರಿ 1ಕ್ಕೇ ಕೊನೆಗೊಂಡಿತು. ನಂಬರುಗಳು ಮಾತ್ರ ಇವತ್ತಿಗೂ ಬದುಕಿವೆ. ಏಳು ಎಂದರೆ ಗಾಡಿ ಬ್ಯಾಂಕಿಗೆ ಅಡವಿದೆ, ಗಾಡಿ ಪೂರ್ತಿ ಹಾಳಾದರೆ ಪರಿಹಾರದ ಮೇಲೆ ಮೊದಲ ಹಕ್ಕು ಬ್ಯಾಂಕಿನದು. ಇಪ್ಪತ್ತೆರಡು ಎಂದರೆ ಪ್ರತಿ ಕ್ಲೇಮಿನಲ್ಲೂ ಮೊದಲ ಒಂದಷ್ಟು ನಿಮ್ಮ ಜೇಬಿನಿಂದ: 1500 ಸಿಸಿವರೆಗಿನ ಕಾರಿಗೆ 1000 ರೂಪಾಯಿ, ಅದಕ್ಕೂ ದೊಡ್ಡ ಎಂಜಿನ್ನಿಗೆ 2000. ಇಪ್ಪತ್ತೆಂಟು ಎಂದರೆ ಸಂಬಳದ ಡ್ರೈವರಿನ ಹೊಣೆ. ಈ ನಂಬರುಗಳ ಅರ್ಥವನ್ನು ಎಷ್ಟು ಏಜೆಂಟರು ಬಾಯಲ್ಲಿ ಹೇಳಬಲ್ಲರು? ಅವರನ್ನೇ ಕೇಳಿ ನೋಡಿ, ಒಳ್ಳೆಯ ಕಾಲಕ್ಷೇಪವಾಗುತ್ತದೆ.

ಇನ್ನು ಭಾಷೆ. ಹಳ್ಳಿಯ ರೈತನೊಬ್ಬ ಅರ್ಧ ಎಕರೆ ಕೊಂಡರೆ ಕ್ರಯಪತ್ರ ಕನ್ನಡದಲ್ಲಿರುತ್ತದೆ. ನಾಲ್ಕೂ ದಿಕ್ಕಿನ ಚೆಕ್ಕುಬಂದಿ, ಹಾದಿಯ ಹಕ್ಕು, ಬಾವಿಯ ಪಾಲು ಎಲ್ಲ ಕನ್ನಡದಲ್ಲಿ. ಓದಲು ಬಾರದಿದ್ದರೆ ಪತ್ರ ಬರಹಗಾರ ಓದಿ ಹೇಳುತ್ತಾನೆ. ಅದೇ ರೈತನ ಮಗ ಎಂಟು ಲಕ್ಷದ ಕಾರು ಕೊಂಡರೆ ಅದರ ವಿಮೆಯ ಕರಾರು ಲಂಡನ್ನಿನ ಹಳೆಯ ವಕೀಲರ ಕಚೇರಿಯಿಂದ ಎದ್ದು ಬಂದಂಥ ಇಂಗ್ಲಿಷಿನಲ್ಲಿರುತ್ತದೆ. ಕಾನ್ವೆಂಟಿನಲ್ಲಿ ಓದಿದವರೂ ಎರಡನೇ ವಾಕ್ಯಕ್ಕೆ ಮುಗ್ಗರಿಸುವ ಇಂಗ್ಲಿಷ್ ಅದು. ಸರ್ಕಾರಿ ಕಂಪನಿಯಾದರೆ ತಲೆಬರಹಕ್ಕೆ ಹಿಂದಿಯ ಅಲಂಕಾರವೂ ಉಂಟು. ಕನ್ನಡ? ಕನ್ನಡ ಬೇಕಾದಷ್ಟಿದೆ, ಜಾಹೀರಾತಿನಲ್ಲಿದೆ. ಕ್ರಿಕೆಟ್ ಪಂದ್ಯದ ನಡುವೆ, ಎಫ್‌ಎಂ ರೇಡಿಯೊದಲ್ಲಿ, ನವೀಕರಣಕ್ಕೆ ಗಂಟು ಬೀಳುವ ಫೋನ್ ಕರೆಗಳಲ್ಲಿ ಕನ್ನಡ ಜೇನಿನಂತೆ ಸುರಿಯುತ್ತದೆ. ಮಾರುವಾಗ ಕನ್ನಡ ಬರುತ್ತದೆ, ಕೊಡುವಾಗ ಮರೆತುಹೋಗುತ್ತದೆ.

ಇದಕ್ಕೆ ನಿಯಮವೇ ಇಲ್ಲವೆ ಎಂದು ಕೇಳಬಹುದು. ಇತ್ತು. ವಿಮಾ ನಿಯಂತ್ರಣ ಪ್ರಾಧಿಕಾರ 2002ರಲ್ಲಿ ಪಾಲಿಸಿದಾರರ ಹಿತರಕ್ಷಣೆಗೆಂದು ನಿಯಮಾವಳಿ ತಂದಾಗ, ವಿಮೆ ಕೊಡುವಾಗ ಬಳಸುವ ನಮೂನೆಗಳನ್ನು ಸಂವಿಧಾನ ಮಾನ್ಯ ಮಾಡಿದ ಭಾಷೆಗಳಲ್ಲಿ ‘ಸಂದರ್ಭಾನುಸಾರ ಒದಗಿಸಬಹುದು’ ಎಂದು ಬರೆಯಿತು. ಒದಗಿಸಬೇಕು ಎಂದಲ್ಲ, ಒದಗಿಸಬಹುದು. ಆ ‘ಬಹುದು’ ಎಂಬ ಕಿಂಡಿಯಲ್ಲಿ ಇಡೀ ಉದ್ಯಮ ಎರಡು ದಶಕ ನೆಮ್ಮದಿಯಾಗಿ ನುಸುಳಿತು. ಆರೋಗ್ಯ ವಿಮೆಯಲ್ಲಿ 2024ರ ಜನವರಿ 1ರಿಂದ ಪಾಲಿಸಿಯ ಸಾರವನ್ನು ಸರಳವಾಗಿ ಹೇಳುವ ಗ್ರಾಹಕ ಮಾಹಿತಿ ಪತ್ರ ಕಡ್ಡಾಯವಾಗಿದೆ, ಕೇಳಿದವರಿಗೆ ಅದನ್ನು ಸ್ಥಳೀಯ ಭಾಷೆಯಲ್ಲೂ ಕೊಡಬೇಕು. ಅಂದರೆ ಮನಸ್ಸು ಮಾಡಿದರೆ ಆಗುತ್ತದೆ. ಆಸ್ಪತ್ರೆಯ ಬಿಲ್ಲಿನ ಕರಾರನ್ನು ಕನ್ನಡದಲ್ಲಿ ಹೇಳಬಹುದಾದರೆ ಬಂಪರಿನ ಕರಾರಿಗೆ ಏನು ಮೈಲಿಗೆ?

ಓದುವುದು ಯಾವಾಗ ಎಂಬ ಪ್ರಶ್ನೆಯನ್ನೂ ಕೇಳೋಣ. ಹೊಸ ಕಾರಿನ ವಿಮೆ ಮಾರಾಟವಾಗುವುದು ಷೋರೂಮಿನ ಮೇಜಿನ ಮೇಲೆ, ಬಣ್ಣ ಯಾವುದು, ಸೀಟು ಕವರು ಯಾವುದು, ಡೆಲಿವರಿಗೆ ಯಾವ ಮುಹೂರ್ತ ಎಂಬ ಸಂಭ್ರಮದ ನಡುವೆ. ‘ಆನ್‌ರೋಡ್’ ಬೆಲೆಯ ಪಟ್ಟಿಯಲ್ಲಿ ವಿಮೆ ಒಂದು ಸಾಲು, ಅಷ್ಟೆ. ನಮ್ಮಲ್ಲೇ ಮಾಡಿಸದಿದ್ದರೆ ಕ್ಯಾಷ್‌ಲೆಸ್ ಕಷ್ಟ ಎಂಬ ಮೃದುವಾದ ಬೆದರಿಕೆ ಜೊತೆಗಿರುತ್ತದೆ. ಡೀಲರು ಹೀಗೆ ಗ್ರಾಹಕನನ್ನು ಕಟ್ಟಿಹಾಕುವಂತಿಲ್ಲ ಎಂದು ಪ್ರಾಧಿಕಾರ 2017ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಆ ಮಾರ್ಗಸೂಚಿಯನ್ನು ಷೋರೂಮಿನ ಯಾವ ಗೋಡೆಯ ಮೇಲಾದರೂ ನೀವು ಕಂಡಿದ್ದೀರಾ? ನಾನಂತೂ ಕಂಡಿಲ್ಲ. ದುಡ್ಡು ಕಟ್ಟಿದ ಮೇಲೆ ಪಾಲಿಸಿ ಹುಟ್ಟುತ್ತದೆ, ಅದು ಹುಟ್ಟಿದ ಮೇಲೆ ಪಿಡಿಎಫ್ ಬರುತ್ತದೆ. ಕೊಳ್ಳುವ ಮುಂಚೆ ಓದಬೇಕಾದ್ದನ್ನು ಕೊಂಡ ಮೇಲೆ ಕೊಟ್ಟು, ಓದಲಿಲ್ಲ ಎಂದು ದೂರುವುದು ಎಂಥ ನ್ಯಾಯ?

ಕಷ್ಟಪಟ್ಟು ಓದಿದವರ ಪಾಡೂ ದೊಡ್ಡದೇನಲ್ಲ. ಮಳೆನೀರಿನ ಸಂಗತಿಯನ್ನೇ ತೆಗೆದುಕೊಳ್ಳಿ. 2022ರ ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್ ಮೊದಲಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆಗಳು ಕೆರೆಗಳಾದವು. ಟೆಕಿಗಳು ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದರು. ಬೇಸ್‌ಮೆಂಟುಗಳಲ್ಲಿ ಕಾರುಗಳು ಮುಳುಗಿದವು. ಪಾಲಿಸಿಯ ಮೊದಲ ಭಾಗ ತೆರೆದರೆ ಬೆಂಕಿ, ಕಳವು, ಗಲಭೆ, ಭೂಕಂಪದ ಜೊತೆಗೆ ಪ್ರವಾಹ, ಬಿರುಗಾಳಿ, ಜಲಾವೃತ ಎಂದೆಲ್ಲ ಸ್ಪಷ್ಟವಾಗಿ ಬರೆದಿದೆ. ಓದುವವನಿಗೆ ನೆಮ್ಮದಿ. ಸ್ವಲ್ಪ ಕೆಳಗಿಳಿದರೆ, ಅನುಷಂಗಿಕ ನಷ್ಟ, ಸವೆತ, ಯಾಂತ್ರಿಕ ಹಾಗೂ ವಿದ್ಯುತ್ ವೈಫಲ್ಯಕ್ಕೆ ಕಂಪನಿ ಹೊಣೆಯಲ್ಲ ಎಂದಿದೆ. ಇನ್ನೂ ಮುಂದಕ್ಕೆ, ಷರತ್ತುಗಳ ಭಾಗದಲ್ಲಿ, ಅವಘಡದ ನಂತರ ದುರಸ್ತಿಯಾಗುವ ಮೊದಲೇ ಗಾಡಿ ಓಡಿಸಿದರೆ ಹೆಚ್ಚಿನ ಹಾನಿ ಮಾಲೀಕನದೇ ಎಂದಿದೆ. ಈ ಮೂರು ವಾಕ್ಯ ಮೂರು ಬೇರೆ ಬೇರೆ ಕಡೆ ಕುಳಿತಿವೆ. ಮುಳುಗಿದ ಕಾರಿನ ಕೀಲಿಯನ್ನು ಒಮ್ಮೆ ತಿರುವಿದರೆ ಎಂಜಿನ್ನಿನೊಳಕ್ಕೆ ನೀರು ನುಗ್ಗಿ ಕನೆಕ್ಟಿಂಗ್ ರಾಡು ಬಾಗುತ್ತದೆ. ಸರ್ವೇಯರ್ ಬಂದು ಈ ಮೂರನ್ನೂ ಒಟ್ಟಿಗೆ ಓದಿ, ಸೀಟು ಕಾರ್ಪೆಟ್ಟಿಗೆ ಕೊಡುತ್ತೇವೆ, ಎಂಜಿನ್ನಿಗೆ ಇಲ್ಲ ಎನ್ನುತ್ತಾನೆ. ಇಡೀ ರಿಪೇರಿ ಬಿಲ್ಲಿನಲ್ಲಿ ದೊಡ್ಡ ತುತ್ತು ಆ ಎಂಜಿನ್ನೇ.

ನೀರು ಹೊಕ್ಕ ಕಾರನ್ನು ಸ್ಟಾರ್ಟ್ ಮಾಡಬೇಡಿ ಎಂದು ದಪ್ಪ ಕನ್ನಡ ಅಕ್ಷರಗಳಲ್ಲಿ ಷೆಡ್ಯೂಲಿನ ನೆತ್ತಿಯ ಮೇಲೆ ಅಚ್ಚು ಹಾಕುವುದಕ್ಕೆ ಯಾವ ಕಂಪನಿ ದಿವಾಳಿಯಾಗುತ್ತಿತ್ತು? ಒಂದು ವಾಕ್ಯ. ಆ ಒಂದು ವಾಕ್ಯ ಎಷ್ಟೋ ಎಂಜಿನ್ನುಗಳನ್ನು ಉಳಿಸುತ್ತಿತ್ತು, ಕಂಪನಿಗೂ ಜಗಳ ತಪ್ಪುತ್ತಿತ್ತು. ಅಚ್ಚು ಹಾಕುವುದಿಲ್ಲ. ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ಮಾರಾಟಕ್ಕಿದೆ, ಅದನ್ನು ತೆಗೆದುಕೊಳ್ಳಬೇಕಿತ್ತು ಎನ್ನುತ್ತಾರೆ. ಪ್ರವಾಹಕ್ಕೆ ರಕ್ಷಣೆ ಎಂದು ಒಂದು ಕಡೆ ಬರೆದು, ಪ್ರವಾಹದಲ್ಲಿ ಮೊದಲು ಸಾಯುವ ಭಾಗಕ್ಕೆ ಬೇರೆ ದುಡ್ಡು ಕೇಳುವುದು ವ್ಯಾಪಾರವೆಂದೇ ಇಟ್ಟುಕೊಳ್ಳೋಣ. ಆ ಸಂಗತಿಯನ್ನು ಮಾರುವ ಹೊತ್ತಿನಲ್ಲೇ ಬಾಯಿಬಿಟ್ಟು ಹೇಳದಿರುವುದಕ್ಕೆ ಯಾವ ಹೆಸರು?

ನಮ್ಮ ಜನ ವಿಮೆಯನ್ನು ‘ಫುಲ್ ಇನ್ಶೂರೆನ್ಸ್’ ಎನ್ನುತ್ತಾರೆ, ‘ಫಸ್ಟ್ ಪಾರ್ಟಿ’ ಎನ್ನುತ್ತಾರೆ, ‘ಬಂಪರ್ ಟು ಬಂಪರ್’ ಎನ್ನುತ್ತಾರೆ. ಈ ಮಾತುಗಳನ್ನು ಅವರೇನೂ ಕನಸಿನಲ್ಲಿ ಕಂಡಿದ್ದಲ್ಲ, ಮಾರುವವರ ಬಾಯಿಂದಲೇ ಕಲಿತದ್ದು. ಫುಲ್ ಎಂಬುದರ ಲೆಕ್ಕ ನೋಡಿ. ನಾಲ್ಕೂವರೆ ವರ್ಷದ ಕಾರಿನ ಮುಂಭಾಗ ಜಖಂ ಆಯಿತೆನ್ನಿ: 8,000 ರೂಪಾಯಿಯ ಪ್ಲಾಸ್ಟಿಕ್ ಬಂಪರು, 12,000 ರೂಪಾಯಿಯ ಬಾನೆಟ್ಟು. ಪ್ಲಾಸ್ಟಿಕ್ಕಿಗೆ ಮೊದಲ ದಿನದಿಂದಲೂ 50% ಸವಕಳಿ. ಆ ವಯಸ್ಸಿನ ಗಾಡಿಯ ಲೋಹದ ಭಾಗಕ್ಕೆ 35%. ಉಳಿದದ್ದು 4,000 ಮತ್ತು 7,800. ಕಡ್ಡಾಯದ 1,000 ಕಳೆದರೆ 10,800. ಇಪ್ಪತ್ತು ಸಾವಿರದ ಬಿಡಿಭಾಗಕ್ಕೆ ‘ಫುಲ್’ ವಿಮೆ ಕೊಟ್ಟದ್ದು ಇಷ್ಟು. ಅಷ್ಟಕ್ಕೇ ಮುಗಿಯಲಿಲ್ಲ: ನಾಲ್ಕು ವರ್ಷ ಕ್ಲೇಮಿಲ್ಲದೆ ಕಾಯ್ದುಕೊಂಡ 45% ನೋ ಕ್ಲೇಮ್ ಬೋನಸ್ ಈ ಒಂದು ಕ್ಲೇಮಿನಿಂದ ಸೊನ್ನೆಗಿಳಿಯಬಹುದು. ಇಂಥ ಹೊತ್ತಿನಲ್ಲಿ ಕ್ಲೇಮು ಹಾಕದಿರುವುದೇ ಲಾಭ ಎಂಬುದನ್ನು ನಿಮಗೆ ಯಾರು ಹೇಳಿದರು? ಸವಕಳಿ ಬೇಡವೆಂದರೆ ಜೀರೊ ಡಿಪ್ರಿಸಿಯೇಷನ್ ಇದೆ, ಹೌದು. ಅದಕ್ಕೆ ಗಾಡಿಯ ವಯಸ್ಸಿನ ಮಿತಿಯಿದೆ, ವರ್ಷಕ್ಕೆ ಇಷ್ಟೇ ಕ್ಲೇಮು ಎಂಬ ಮಿತಿಯೂ ಹಲವೆಡೆ ಇದೆ. ಅದೂ ವೆಬ್‌ಸೈಟಿನಲ್ಲೇ.

ದುಡ್ಡಿನ ಮಾತು ಹಾಗಿರಲಿ, ಜೀವದ ಮಾತಿಗೆ ಬರುತ್ತೇನೆ. ಹಳೆಯ ಕಾರಿಗೆ ‘ಥರ್ಡ್ ಪಾರ್ಟಿ ಇದೆ, ಸಾಕು’ ಎಂದು ಹೇಳದ ಮನೆ ಕರ್ನಾಟಕದಲ್ಲಿ ಅಪರೂಪ. ಆ ಕಾರಿನಲ್ಲಿ ಅತ್ತಿಗೆ, ಭಾವಮೈದುನ, ಪಕ್ಕದ ಮನೆಯ ಅಜ್ಜಿಯನ್ನು ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೊರಡುತ್ತೇವೆ. ಮೂರನೆಯವರು ಎಂದರೆ ನಮ್ಮನ್ನು ಬಿಟ್ಟು ಉಳಿದವರೆಲ್ಲ, ಅಜ್ಜಿಯೂ ಸೇರಿ, ಎಂದೇ ಸಾಮಾನ್ಯ ತಿಳಿವಳಿಕೆ. ಕಾನೂನಿನ ತಿಳಿವಳಿಕೆ ಬೇರೆ. ಸ್ಕೂಟರಿನ ಹಿಂಬದಿ ಸವಾರನೊಬ್ಬನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ, ಮೋಟಾರು ವಾಹನ ಕಾಯ್ದೆಗೆ ಬೇಕಾದಷ್ಟೇ ರಕ್ಷಣೆಯಿರುವ ಪಾಲಿಸಿಯಲ್ಲಿ ಬಾಡಿಗೆ ಕೊಡದೆ ಕುಳಿತು ಬಂದವರಿಗೆ ಕಂಪನಿ ಹೊಣೆಯಲ್ಲ ಎಂದಿತು. ಅವಘಡವಾದರೆ ಅಜ್ಜಿಯ ಮನೆಯವರು ಪರಿಹಾರ ಕೇಳಬೇಕಾದ್ದು ಕಂಪನಿಯನ್ನಲ್ಲ, ನಿಮ್ಮನ್ನು. ಬೇರೆಯವರ ಬೈಕು ಪಡೆದು ಇಳಕಲ್–ಕುಷ್ಟಗಿ ರಸ್ತೆಯಲ್ಲಿ ಎತ್ತಿನಗಾಡಿಗೆ ಡಿಕ್ಕಿಯಾಗಿ ಸತ್ತವನೊಬ್ಬನ ಕುಟುಂಬಕ್ಕೆ ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿದ್ದು ಇನ್ನೂ ಕಟುವಾದದ್ದು: ಗಾಡಿ ಎರವಲು ಪಡೆದವನು ಮಾಲೀಕನ ಜಾಗದಲ್ಲಿ ನಿಲ್ಲುತ್ತಾನೆ, ಆದ್ದರಿಂದ 163-ಎ ಕಲಮಿನಡಿ ಪರಿಹಾರ ಇಲ್ಲ. (ಬೇರೆ ಕಲಮಿನಡಿ ಪರಿಶೀಲಿಸಿ ಎಂದು ಪ್ರಕರಣವನ್ನು ಹೈಕೋರ್ಟಿಗೆ ಮರಳಿಸಿತು.) ನಮ್ಮ ಊರುಗಳಲ್ಲಿ ಗಾಡಿ ಎರವಲು ಪಡೆಯದ ದಿನವುಂಟೆ? ಷೆಡ್ಯೂಲಿನಲ್ಲಿ ಇದರ ಸುಳಿವಾದರೂ ಇದೆಯೆ? 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಎಂಬ ಸಾಲು ಇದೆಯಲ್ಲ ಎನ್ನುತ್ತೀರಿ. ಅದು ಮಾಲೀಕನೇ ಚಾಲಕನಾಗಿದ್ದಾಗ, ಅವನ ಕೈಯಲ್ಲಿ ಲೈಸೆನ್ಸ್ ಇದ್ದಾಗ. ಹೆಂಡತಿಯ ಹೆಸರಲ್ಲಿ ಕಾರು ಕೊಂಡು ಗಂಡ ಓಡಿಸುವ ಮನೆಗಳು ಈ ಸಾಲನ್ನು ಇನ್ನೊಮ್ಮೆ ಓದಲಿ.

ಸೆಕೆಂಡ್ ಹ್ಯಾಂಡ್ ಕಾರಿನವರ ಕಥೆ ಚಿಕ್ಕದು. ಆರ್‌ಸಿ ಹೆಸರಿಗಾಯಿತು, ಪಾಲಿಸಿ ಹಳೆಯ ಮಾಲೀಕನ ಹೆಸರಲ್ಲೇ ಉಳಿಯಿತು. ಮೂರನೆಯವರ ರಕ್ಷಣೆ ಗಾಡಿಯ ಜೊತೆ ಬರುತ್ತದೆ, ಸ್ವಂತ ಹಾನಿಯ ರಕ್ಷಣೆ ಬರುವುದಿಲ್ಲ. 14 ದಿನದೊಳಗೆ ಕಂಪನಿಗೆ ಅರ್ಜಿ ಕೊಡಬೇಕು. ಬೋನಸ್ಸು ಹಳೆಯ ಮಾಲೀಕನ ಜೊತೆಗೇ ಹೋಗುತ್ತದೆ. ಆರ್‌ಟಿಒ ಕಚೇರಿಯಲ್ಲಿ ಹತ್ತಾರು ನಮೂನೆಗಳಿಗೆ ಸಹಿ ಹಾಕಿಸಿಕೊಳ್ಳುವ ವ್ಯವಸ್ಥೆಗೆ ಈ ಎರಡು ಮಾತು ಹೇಳುವ ಒಂದು ಚೀಟಿ ಕೊಡಲು ಬಿಡುವಿಲ್ಲ.

ಈಗ ಆ ಉಪದೇಶಕರಿಗೆ ಒಂದು ಕಹಿ ಸುದ್ದಿ. ಅವರ ಸಿದ್ಧಾಂತವನ್ನು ಈ ದೇಶದ ಅತ್ಯುನ್ನತ ನ್ಯಾಯಾಲಯವೇ ಒಪ್ಪುವುದಿಲ್ಲ. ವಿಮೆ ಪರಮ ವಿಶ್ವಾಸದ ಕರಾರು, ಆ ವಿಶ್ವಾಸದ ಹೊಣೆ ಎರಡೂ ಕಡೆಗೆ ಇದೆ. ಗ್ರಾಹಕನಿಗೆ ತಿಳಿಸದ ಹೊರಗಿಡುವ ಕಲಮನ್ನು ಕಂಪನಿ ಬಳಸಿಕೊಳ್ಳುವಂತಿಲ್ಲ ಎಂದು ಮಾಡರ್ನ್ ಇನ್ಸುಲೇಟರ್ಸ್ ಪ್ರಕರಣದಲ್ಲಿ 2000ದಲ್ಲೇ ಹೇಳಿಯಾಗಿದೆ. 2019ರಲ್ಲಿ ಭಾರತ್ ವಾಚ್ ಕಂಪನಿ ಪ್ರಕರಣದಲ್ಲೂ ಅದೇ ಮಾತು: ಷರತ್ತುಗಳ ಪ್ರತಿಯನ್ನೇ ಕೊಡದೆ ಷರತ್ತು ಮುರಿದೆ ಎನ್ನುವಂತಿಲ್ಲ. 2022ರಲ್ಲಿ ಟೆಕ್ಸ್‌ಕೋ ಪ್ರಕರಣದಲ್ಲಿ, ನೆಲಮಾಳಿಗೆಯಲ್ಲಿದ್ದ ಅಂಗಡಿಗೆ ವಿಮೆ ಮಾರಿ, ಬೆಂಕಿ ಬಿದ್ದ ಮೇಲೆ ನೆಲಮಾಳಿಗೆಗೆ ವಿಮೆ ಇಲ್ಲ ಎಂದ ಕಂಪನಿಗೆ ಛೀಮಾರಿ ಬಿತ್ತು. ಕಳುವಾದ ಗಾಡಿಯ ವಿಷಯದಲ್ಲಿ, ಪೊಲೀಸರಿಗೆ ತಡಮಾಡದೆ ದೂರು ಕೊಟ್ಟಿದ್ದರೆ ಕಂಪನಿಗೆ ತಿಳಿಸಿದ್ದು ತಡವಾಯಿತೆಂಬ ಒಂದೇ ನೆಪದಿಂದ ಕ್ಲೇಮು ತಳ್ಳುವಂತಿಲ್ಲ ಎಂದು 2020ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಮಾನಿಸಿತು. ತಿಳಿಸುವ ಹೊಣೆ ಕಂಪನಿಯದು ಎಂದು ಕೋರ್ಟು ಹೇಳುತ್ತಿದೆ. ಓದುವ ಹೊಣೆ ನಿನ್ನದು ಎಂದು ಟಿವಿ ಹೇಳುತ್ತಿದೆ. ನಾವು ಟಿವಿಯನ್ನು ನಂಬಿದ್ದೇವೆ.

ಜನ ಹೇಗೂ ಓದುವುದಿಲ್ಲ, ಕನ್ನಡದಲ್ಲಿ ಕೊಟ್ಟರೂ ಓದುವುದಿಲ್ಲ ಎಂಬ ಇನ್ನೊಂದು ಜಾಣ ಮಾತಿದೆ. ಕೊಟ್ಟು ನೋಡಿದವರು ಯಾರು? ಇದೇ ಜನ ಚೀಟಿ ವ್ಯವಹಾರದ ಲೆಕ್ಕವನ್ನು ಪೈಸೆ ಬಿಡದೆ ಇಟ್ಟವರು, ಪಹಣಿಯಲ್ಲಿ ಒಂದು ಗುಂಟೆ ತಪ್ಪಿದರೆ ನಾಡಕಚೇರಿಗೆ ಹತ್ತು ಸಲ ಅಲೆದವರು. ತಮ್ಮದೆಂದು ಗೊತ್ತಾದ ಕಾಗದವನ್ನು ಕನ್ನಡಿಗ ಓದಿಯೇ ಓದುತ್ತಾನೆ. ವಿಮೆ ಪತ್ರವನ್ನು ಅವನು ಟ್ರಾಫಿಕ್ ಪೊಲೀಸರಿಗೆ ತೋರಿಸುವ ಕಾಗದ ಎಂದುಕೊಂಡಿದ್ದಾನೆ, ಏಕೆಂದರೆ ಸರ್ಕಾರವೂ ಅದನ್ನು ಹಾಗೆಯೇ ಕಂಡಿದೆ. ವಿಮೆ ಇಲ್ಲದೆ ಗಾಡಿ ಓಡಿಸಿದರೆ ಮೊದಲ ಸಲ 2,000 ರೂಪಾಯಿ ದಂಡ, ಮತ್ತೆ ಸಿಕ್ಕರೆ 4,000, ಜೈಲೂ ಆಗಬಹುದು. ಕೊಂಡೇ ತೀರಬೇಕು ಎಂದು ಕಾನೂನಿನಿಂದ ಕುತ್ತಿಗೆ ಹಿಡಿದ ಮೇಲೆ, ಕೊಂಡದ್ದೇನು ಎಂದು ತಿಳಿಸುವ ಹೊಣೆಯಿಂದ ಸರ್ಕಾರ ಜಾರಿಕೊಳ್ಳುವುದು ಹೇಗೆ? ಇದು ಬೇಕಾದರೆ ಕೊಳ್ಳಿ, ಬೇಡವಾದರೆ ಬಿಡಿ ಎನ್ನುವ ಸರಕಲ್ಲ. 2047ರ ಹೊತ್ತಿಗೆ ಎಲ್ಲರಿಗೂ ವಿಮೆ ಎಂಬುದು ಪ್ರಾಧಿಕಾರದ ಘೋಷಣೆ. ಎಲ್ಲರಿಗೂ ಅರ್ಥವಾಗುವುದು ಯಾವ ಇಸವಿಗೆ ಎಂಬುದನ್ನು ಅದು ಪ್ರಕಟಿಸಿಲ್ಲ.

ಪತ್ರಿಕೆಗಳ ಪಾಲೂ ಇದರಲ್ಲಿದೆ. ‘ಪಾಲಿಸಿ ಕೊಳ್ಳುವ ಮುನ್ನ ಗಮನಿಸಬೇಕಾದ ಹತ್ತು ಅಂಶ’ ಎಂಬ ಲೇಖನಗಳನ್ನು ವರ್ಷಕ್ಕೊಮ್ಮೆ ಹಾಕುತ್ತೇವೆ, ಅದೇ ಪುಟದ ಅಡಿಯಲ್ಲಿ ಕಂಪನಿಯ ಜಾಹೀರಾತು ಮಲಗಿರುತ್ತದೆ. ಹತ್ತು ಅಂಶ ಗಮನಿಸಬೇಕಾದವನು ಯಾವಾಗಲೂ ಓದುಗ. ಕಂಪನಿ ಗಮನಿಸಬೇಕಾದ ಒಂದಾದರೂ ಅಂಶ ಆ ಪಟ್ಟಿಯಲ್ಲಿ ಇರುವುದಿಲ್ಲ.

ಆಗಬೇಕಾದ್ದು ಪವಾಡವೇನಲ್ಲ. ಷೆಡ್ಯೂಲಿನ ಮೊದಲ ಪುಟದಲ್ಲೇ, ಪ್ರೀಮಿಯಂ ಅಚ್ಚಾದಷ್ಟೇ ದಪ್ಪ ಅಕ್ಷರದಲ್ಲಿ, ಯಾವುದಕ್ಕೆ ದುಡ್ಡು ಸಿಗುವುದಿಲ್ಲ ಎಂಬುದು ಕನ್ನಡದಲ್ಲಿ ಬರಲಿ. ಐಎಂಟಿ ನಂಬರುಗಳ ಎದುರಿಗೆ ಅವುಗಳ ಅರ್ಥ ಬರಲಿ. ಗ್ರಾಹಕ ಬೇಡವೆಂದ ಹೆಚ್ಚುವರಿ ರಕ್ಷಣೆಗಳ ಪಟ್ಟಿಯ ಕೆಳಗೆ, ವಿವರಿಸಿ ಹೇಳಿದ್ದೇನೆ ಎಂದು ಮಾರಿದವನ ಸಹಿ ಇರಲಿ. ಆ ಸಹಿ ಇಲ್ಲದಿದ್ದರೆ ಹೊರಗಿಡುವ ಕಲಮು ಚಲಾವಣೆಯಾಗದಿರಲಿ. ಪ್ರಾಧಿಕಾರ 2024ರ ಜೂನ್ ತಿಂಗಳ ಸುತ್ತೋಲೆಯಲ್ಲಿ, ಗ್ರಾಹಕ ಮಾಹಿತಿ ಪತ್ರ ಕೊಡಿ, ದಾಖಲೆ ಸಾಲದೆಂಬ ನೆಪದಿಂದ ಕ್ಲೇಮು ತಿರಸ್ಕರಿಸಬೇಡಿ ಎಂದು ಸಾಮಾನ್ಯ ವಿಮೆಯವರಿಗೂ ಹೇಳಿದೆ. ಅಷ್ಟು ಹೇಳಿದವರು ಕನ್ನಡದಲ್ಲಿ ಕೊಡಲೇಬೇಕು ಎಂಬ ಒಂದು ಸಾಲು ಸೇರಿಸಲಿ. ರಾಜ್ಯದ ಸಾರಿಗೆ ಇಲಾಖೆ ಆರ್‌ಸಿ ವರ್ಗಾವಣೆಯ ದಿನವೇ ವಿಮೆ ವರ್ಗಾವಣೆಯ ಅರ್ಜಿಯನ್ನೂ ಕೈಗಿಡಲಿ. ನಮ್ಮ ಸಂಸದರು ಹಿಂದಿ ಹೇರಿಕೆಯ ಬಗ್ಗೆ ಗುಡುಗುವ ಉತ್ಸಾಹದಲ್ಲಿ ಕಾಲುಭಾಗವನ್ನು ಈ ಪಿಡಿಎಫ್‌ನ ಕಡೆ ತಿರುಗಿಸಲಿ.

ಓದುಗರೇ, ಅವರು ಮಾಡುವವರೆಗೆ ಕಾಯಬೇಡಿ. ಈ ವಾರವೇ ನಿಮ್ಮ ಕಂಪನಿಗೆ ಕನ್ನಡದಲ್ಲಿ ಒಂದು ಇಮೇಲ್ ಬರೆಯಿರಿ: ನನ್ನ ಪಾಲಿಸಿಯ ಪೂರ್ಣ ನಿಯಮಗಳು, ಪ್ರತಿ ಐಎಂಟಿ ಕಲಮಿನ ಅರ್ಥ, ಹೊರಗಿಟ್ಟ ಹಾನಿಗಳ ಪಟ್ಟಿ ನನಗೆ ಕನ್ನಡದಲ್ಲಿ ಬೇಕು. ಉತ್ತರ ಬಂದರೂ ಬರದಿದ್ದರೂ ಆ ಪತ್ರವನ್ನು ಜೋಪಾನವಾಗಿಡಿ, ತಿಳಿಸಲಿಲ್ಲ ಎನ್ನುವುದಕ್ಕೆ ನಿಮ್ಮ ಕೈಯಲ್ಲಿರುವ ಸಾಕ್ಷಿ ಅದೇ. ಕ್ಲೇಮು ತಿರಸ್ಕೃತವಾದರೆ ಕಾರಣವನ್ನು ಲಿಖಿತವಾಗಿ ಕೇಳಿ, ಕಂಪನಿಯ ಕುಂದುಕೊರತೆ ವಿಭಾಗಕ್ಕೆ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸಮಾಧಾನ ತರದಿದ್ದರೆ, ವರ್ಷ ತುಂಬುವುದರೊಳಗೆ ವಿಮಾ ಒಂಬುಡ್ಸ್‌ಮನ್ ಬಳಿಗೆ ಹೋಗಿ. ಕರ್ನಾಟಕದವರಿಗೆ ಅವರ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. 50 ಲಕ್ಷ ರೂಪಾಯಿವರೆಗಿನ ತಕರಾರನ್ನು ಅವರು ತೀರ್ಮಾನಿಸಬಲ್ಲರು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ.